ಪದವೀಧರನ ಸ್ವಧರ್ಮ ಯಾವುದು?

ಪ್ರತಿವರ್ಷವೂ ಆಷಾಢ–ಶ್ರಾವಣಗಳಲ್ಲಿ, ಚಾತುರ್ಮಾಸ್ಯದ ಪ್ರವಚನಗಳು ನಡೆಯುವ ವೇಳೆಗೆ, ವಿಶ್ವವಿದ್ಯಾಲಯಗಳ ಪರೀಕ್ಷಾಫಲಗಳೂ ಒಂದೊಂದಾಗಿ ಪ್ರಕಟವಾಗುತ್ತಿರುತ್ತವೆ. ತೀರ್ಥಪ್ರಸಾದಕ್ಕೆಂದು ಬಂದ ತಾಯಿತಂದೆಗಳು ಹಿಂದೆ ನಿಂತಿರುವ ಮಗನನ್ನೋ ಮಗಳನ್ನೋ ಮುಂದಕ್ಕೆ ಕರೆದು, “ಡಿಗ್ರಿ ಮುಗಿಯಿತು, ಆಶೀರ್ವಾದ ಮಾಡಬೇಕು” ಎನ್ನುತ್ತಾರೆ. ಮಂತ್ರಾಕ್ಷತೆಯನ್ನು ಕೊಟ್ಟು, “ಮುಂದೇನು?” ಎಂದು ಕೇಳುವುದು ನಮ್ಮಂಥ ಹಿರಿಯರೆಲ್ಲರ ರೂಢಿ. ಕೇಳುವ ನಮಗೆ ಅದೊಂದು ಕುಶಲಪ್ರಶ್ನೆ. ಉತ್ತರಿಸಬೇಕಾದ ಆ ಎಳೆಯ ಜೀವಕ್ಕೆ ಅದು ಎಷ್ಟು ಭಾರವಾಗಿ ತೋರುತ್ತದೆ ಎಂಬುದನ್ನು ನಾವು ಬಹಳ ಕಾಲ ಯೋಚಿಸಿರಲಿಲ್ಲ.

ಕಳೆದ ವರ್ಷ ಶ್ರೀರಾಘವೇಂದ್ರಸ್ವಾಮಿಗಳ ಉತ್ತರಾರಾಧನೆಯ ದಿನ ನಡೆದ ಒಂದು ಪ್ರಸಂಗವೇ ಈ ಲೇಖನಕ್ಕೆ ಕಾರಣ. ಬಸವಕಲ್ಯಾಣ–ಹುಮನಾಬಾದ ಸೀಮೆಯ ಗೋರ್ಟಾ (ಬಿ) ಗ್ರಾಮದಿಂದ ಒಬ್ಬ ತರುಣ ತಂದೆಯೊಡನೆ ಆರಾಧನೆಗೆ ಬಂದಿದ್ದ. ಅದೇ ವರ್ಷ ಇಂಜಿನಿಯರಿಂಗ್ ಪದವಿ ಆಗಿತ್ತು. ತಂದೆಯದು ತೊಗರಿ, ಸೋಯಾ ಬೆಳೆಯುವ ಒಣಬೇಸಾಯ. ಮಗನ ಓದಿಗಾಗಿ ಬ್ಯಾಂಕಿನಲ್ಲಿ ಸಾಲ. ಪುಣೆಯ ಒಂದು ಕಂಪನಿಯಿಂದ ಕೆಲಸಕ್ಕೆ ಕರೆ ಬಂದಿತ್ತು. ಆದರೆ ಮಗ ಸರ್ಕಾರಿ ನೌಕರಿ ಹಿಡಿಯಲಿ ಎಂಬುದು ತಂದೆಯ ಆಸೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ಕಲಮಿನಿಂದ ನಮ್ಮ ಭಾಗದ ಮಕ್ಕಳಿಗೆ ಹುದ್ದೆಗಳಲ್ಲಿ ಮೀಸಲು ಇರುವಾಗ, ಎರಡು ವರ್ಷ ಕುಳಿತು ಪರೀಕ್ಷೆ ಬರೆಯುವುದನ್ನು ಬಿಟ್ಟು ಪರಸ್ಥಳಕ್ಕೆ ಏಕೆ ಹೋಗಬೇಕು ಎಂಬುದು ಅವರ ವಾದ. ಇವೆರಡೂ ಸಾಲದೆಂಬಂತೆ ಕಾಲೇಜಿನ ಬೀಳ್ಕೊಡುಗೆಯ ಸಮಾರಂಭದಲ್ಲಿ ಅತಿಥಿಗಳೊಬ್ಬರು, ಮನಸ್ಸು ಯಾವುದನ್ನು ಪ್ರೀತಿಸುತ್ತದೆಯೋ ಅದನ್ನೇ ವೃತ್ತಿಯಾಗಿ ಆರಿಸಿಕೊಳ್ಳಿ, ಉಳಿದುದೆಲ್ಲ ತಾನಾಗಿ ಬರುತ್ತದೆ ಎಂದು ಉಪದೇಶಿಸಿದ್ದರು.

ಊಟವಾದ ಮೇಲೆ, ತಂದೆ ಎಲೆ ಎತ್ತುವ ಸೇವೆಯಲ್ಲಿದ್ದಾಗ, ಆ ಹುಡುಗ ನಮ್ಮ ಬಳಿ ಬಂದು ಕುಳಿತ. “ಆಚಾರ್ಯರ, ನಿನಗ ಯಾವುದರ ಮ್ಯಾಲೆ ಪ್ರೀತಿ ಅದನೋ ಅದನ್ನ ಮಾಡು ಅಂತ ಎಲ್ಲಾರೂ ಹೇಳ್ತಾರ್ರಿ. ನನಗ ಯಾವುದರ ಮ್ಯಾಲೂ ಅಂಥಾ ಪ್ರೀತಿನೇ ಇಲ್ಲರಿ. ಹಾಡ್ಲಿಕ್ಕೆ ಬರೂದಿಲ್ಲ, ಬರೀಲಿಕ್ಕೆ ಬರೂದಿಲ್ಲ. ಓದು ಅಂದ್ರು, ಓದಿದೆ, ಪಾಸಾದೆ. ನನ್ನಂಥಾವ ಏನು ಮಾಡಬೇಕು?” ಎಂದ. ನಾವು ವಾಡಿಕೆಯಂತೆ ಗೀತೆಯ ಮೂರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳನ್ನು ಸ್ಮರಿಸಿ, ಪರಧರ್ಮದ ಆಕರ್ಷಣೆಗಿಂತ ಗುಣ ಕಡಿಮೆಯಾಗಿ ಕಂಡರೂ ಸ್ವಧರ್ಮವೇ ಲೇಸು ಎಂಬ ಭಗವಂತನ ಉಪದೇಶವನ್ನು ವಿವರಿಸಿದೆವು. ಹುಡುಗ ವಿನಯದಿಂದ ಕೇಳಿಸಿಕೊಂಡು, “ಅದು ಖರೇ ರೀ. ಆದ್ರ ನನ್ನ ಸ್ವಧರ್ಮ ಯಾವುದು ಅಂತ ನನಗ ಹ್ಯಾಂಗ ತಿಳೀಬೇಕು?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ತಂದೆ ಬಂದರು, ಬಸ್ಸಿನ ವೇಳೆಯಾಯಿತೆಂದು ಇಬ್ಬರೂ ನಮಸ್ಕರಿಸಿ ಹೊರಟರು. ಅಂದು ಕೊಡಲಾಗದ ಉತ್ತರವನ್ನು ಇಂದು ಬರಹದಲ್ಲಿ ಕೊಡಲು ಯತ್ನಿಸುತ್ತೇವೆ. ಈ ಪತ್ರಿಕೆ ಗೋರ್ಟಾದ ಆ ಮನೆಗೂ ಹೋಗುತ್ತದೆ.

ಮೊದಲು ಶಬ್ದದ ವಿಚಾರ. ಈಗಿನ ತರುಣರು ‘ಪ್ಯಾಷನ್’ ಎಂಬ ಮಾತನ್ನು ಬಹಳವಾಗಿ ಬಳಸುತ್ತಾರೆ. ನಮ್ಮಲ್ಲಿ ಇದಕ್ಕೆ ಸಮೀಪವಾದ ಶಬ್ದಗಳು ಹಲವು ಇವೆ. ಆದರೆ ಅವು ಒಂದೇ ಅರ್ಥದವಲ್ಲ. ರಾಗ ಒಂದು, ಶ್ರದ್ಧೆ ಮತ್ತೊಂದು. ಗೀತೆಯ ಹದಿನಾಲ್ಕನೆಯ ಅಧ್ಯಾಯವು ರಾಗವನ್ನು ರಜೋಗುಣದ ಲಕ್ಷಣವೆಂದು ಹೇಳುತ್ತದೆ. ಅದು ತೃಷ್ಣೆಯಿಂದ ಹುಟ್ಟಿ, ಮನುಷ್ಯನನ್ನು ಕರ್ಮದ ಬೆನ್ನು ಹತ್ತಿಸಿ, ಅಲ್ಲಿಯೇ ಕಟ್ಟಿಹಾಕುತ್ತದೆ. ಹದಿನೇಳನೆಯ ಅಧ್ಯಾಯದ ಶ್ರದ್ಧೆಯಾದರೋ ಜೀವನ ಅಂತರಂಗಕ್ಕೆ ಸೇರಿದುದು. ಒಬ್ಬನ ಶ್ರದ್ಧೆ ಎಂತಹದೋ ಅವನೂ ಅಂತಹವನೇ. ರಾಗವು ವಸ್ತುವನ್ನು ಕಂಡೊಡನೆ ಎದ್ದು, ಅದು ಕೈಗೆ ಬಂದೊಡನೆ ಆರುತ್ತದೆ. ಶ್ರದ್ಧೆ ಸಾವಕಾಶವಾಗಿ ಬೆಳೆದು, ಕಷ್ಟಕಾಲದಲ್ಲಿಯೂ ನಿಲ್ಲುತ್ತದೆ. ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಸುಖವನ್ನು ವಿಂಗಡಿಸುವಾಗಲೂ ಇದೇ ಅಳತೆಗೋಲು: ಮೊದಲು ಕಹಿಯಾಗಿ ಕೊನೆಗೆ ಸಿಹಿಯಾಗುವುದು ಸಾತ್ತ್ವಿಕ ಸುಖ, ಮೊದಲು ಸಿಹಿಯಾಗಿದ್ದು ಕೊನೆಗೆ ವಿಷವಾಗುವುದು ರಾಜಸ. ಹೀಗಿರುವಾಗ, ಮೊದಲ ದಿನವೇ ಯಾವುದು ಸಿಹಿಯಾಗಿ ತೋರುತ್ತದೆಯೋ ಅದೇ ನನ್ನ ಜೀವನದ ಕೆಲಸ ಎಂದು ನಿರ್ಣಯಿಸಬಹುದೇ? ಮೊದಲ ದಿನ ಏನೂ ಸಿಹಿಯೆನಿಸದ ಆ ಗೋರ್ಟಾದ ಹುಡುಗನನ್ನು ಏನೋ ಕೊರತೆಯುಳ್ಳವನೆಂದು ತಿಳಿಯಬಹುದೇ?

ಆದರೆ ಎಳವೆಯಲ್ಲಿಯೇ ಒಲವು ಉಕ್ಕಿ ಬಂದು, ಅದೇ ಜೀವನವಾದವರೂ ಇದ್ದಾರಲ್ಲ ಎಂದು ವಾಚಕರು ಕೇಳಬಹುದು. ಇದ್ದಾರೆ. 1922ರಲ್ಲಿ ಗದಗ ಸೀಮೆಯ ನಮ್ಮದೇ ಮಾಧ್ವ ಮನೆತನವೊಂದರಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರನ್ನು ಯಾರು ಅರಿಯರು? ತಂದೆ ಗುರುರಾಜ ಜೋಶಿಯವರು ಶಿಕ್ಷಕರು. ಮಗ ಓದಿ ಮುಂದೆ ಬರಲೆಂದು ಅವರಿಗೂ ಆಸೆಯಿದ್ದಿರಬೇಕು. ಬಾಲಕ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ರೈಲಿನಲ್ಲಿ ಹಾಡಿ ಪ್ರಯಾಣಿಕರನ್ನು ಒಲಿಸಿಕೊಂಡು ಉತ್ತರದ ಊರೂರು ಅಲೆದ. ಕೊನೆಗೆ ತಂದೆ ಜಾಲಂಧರದಲ್ಲಿ ಮಗನನ್ನು ಕಂಡು ಮನೆಗೆ ಕರೆತಂದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನೋಡಿರಿ, ಒಲವೆಂದರೆ ಹೀಗಿರಬೇಕು ಎನ್ನುತ್ತಾರೆ.

ನಾವು ಗಮನಿಸಬೇಕಾದುದು ಅದರ ಮುಂದಿನ ಭಾಗವನ್ನು. 1936ರಲ್ಲಿ ಆ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಬಳಿ ಶಿಷ್ಯನಾಗಿ ಸೇರಿದ. ಗುರುಗೃಹದಲ್ಲಿ ನೀರು ಹೊತ್ತ, ಮನೆಗೆಲಸ ಮಾಡಿದ; ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿದ. ಓಡಿಹೋಗಲು ಬೇಕಾದ ಉತ್ಸಾಹ ಒಂದು ರಾತ್ರಿಯದು. ನಿಂತು ಕಲಿಯಲು ಬೇಕಾದ ಶ್ರದ್ಧೆ ಸಾವಿರಾರು ಬೆಳಗುಗಳದು. 2008ರಲ್ಲಿ ಭಾರತರತ್ನ ಬಂದುದು ಆ ಬೆಳಗುಗಳಿಗೆ. ಮನೆ ಬಿಟ್ಟು ಓಡಿದ ಬಾಲಕರು ಈ ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಹೆಸರುಗಳು ನಮಗೆ ತಿಳಿಯವು. ಇನ್ನೂ ಒಂದು ಮಾತು. ಮನೆಗೆ ಮರಳಿದ ಮಗನ ಹಂಬಲವನ್ನು ಮನೆಯವರು ಅಡಗಿಸಿ ಇಟ್ಟಿದ್ದರೆ ಸಂಗೀತದ ಚರಿತ್ರೆಯೇ ಬೇರೆಯಾಗುತ್ತಿತ್ತು. ಹೆತ್ತವರು ಈ ಭಾಗವನ್ನು ಎರಡು ಸಲ ಓದಬೇಕು.

ಎಲ್ಲರಿಗೂ ಒಲವು ಹನ್ನೊಂದನೆಯ ವಯಸ್ಸಿಗೆ ತಿಳಿಯುವುದಿಲ್ಲ. ಪದವಿಯಾದ ಮೇಲೆ, ವೃತ್ತಿಯೂ ಕೈಗೆ ಬಂದ ಮೇಲೆ ಕಣ್ಣು ತೆರೆದವರಿದ್ದಾರೆ. ಕನ್ನಡ ಕುಲಪುರೋಹಿತರೆಂದು ಖ್ಯಾತರಾದ ಆಲೂರು ವೆಂಕಟರಾಯರು 1880ರಲ್ಲಿ ಹುಟ್ಟಿದವರು. ಪುಣೆಯಲ್ಲಿ ಬಿ.ಎ., ಮುಂಬಯಿಯಲ್ಲಿ ಕಾನೂನು ಓದಿ, ಧಾರವಾಡದಲ್ಲಿ ವಕೀಲಿಗೆ ನಿಂತರು. ಆ ಕಾಲಕ್ಕೆ ಅದಕ್ಕಿಂತ ಮೇಲಾದ ವೃತ್ತಿ ನಮ್ಮ ಮನೆತನಗಳ ಕಣ್ಣಿಗೆ ಇರಲಿಲ್ಲ. 1905ರಲ್ಲಿ ಅವರು ಆನೆಗೊಂದಿ, ಹಂಪೆಗಳ ಹಾಳುಗಳನ್ನು ನೋಡಿದರು. ನೋಡಿದುದು ಕಲ್ಲು; ಕಂಡುದು ಹರಿದು ಹಂಚಿಹೋದ ಕನ್ನಡ ನಾಡು. ಕ್ರಮೇಣ ವಕೀಲಿ ಹಿಂದೆ ಬಿದ್ದು ನಾಡಿನ ಕೆಲಸ ಮುಂದಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಬಂದಿತು. ಲೋಕಮಾನ್ಯ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ಹಣಕಾಸಿನ ತೊಂದರೆ ಅವರನ್ನು ಬಹುಕಾಲ ಬಿಡಲಿಲ್ಲ. 1956ರ ನವೆಂಬರ್ 1ರಂದು ಬೀದರ ಸೀಮೆಯ ಈ ನೆಲವೂ ಒಂದುಗೂಡಿದ ಕನ್ನಡ ರಾಜ್ಯಕ್ಕೆ ಸೇರಿದಾಗ ಆಲೂರರಿಗೆ ಎಪ್ಪತ್ತಾರು ವರ್ಷ. ಅವರ ಪದವಿಯೂ ವ್ಯರ್ಥವಾಗಲಿಲ್ಲ. ದಾಖಲೆಗಳನ್ನು ಓದಿ ವಾದವನ್ನು ಕಟ್ಟುವ ವಕೀಲನ ಶಿಕ್ಷಣವೇ ಇತಿಹಾಸದ ಬರವಣಿಗೆಗೆ ನೆರವಾಗಿದ್ದಿರಬೇಕು. ಮೊದಲು ಹಿಡಿದ ದಾರಿಯಿಂದಲೇ ಎರಡನೆಯ ದಾರಿ ಕಂಡುಬಂದುದಕ್ಕೆ ಇದು ನಿದರ್ಶನ.

ಇವರಿಬ್ಬರೂ ಹೆಸರಾಂತ ಪುರುಷರು. ಮೂರನೆಯ ನಿದರ್ಶನ ಹೆಸರಿಲ್ಲದವರದು, ಮತ್ತು ಗೋರ್ಟಾದ ತರುಣನಿಗೆ ಹೆಚ್ಚು ಹತ್ತಿರದ್ದು. ನಮ್ಮ ಬಾಲ್ಯದಲ್ಲಿ ಈ ಸೀಮೆಯಲ್ಲಿ ಒಬ್ಬ ಗುಮಾಸ್ತರಿದ್ದರು. ನಿಜಾಮರ ಕಾಲದ ಕಂದಾಯದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಊರಿನ ಹೆಸರಿನ ಮುಂದೆ ಬರುವ ‘ಬಿ’ ಎಂಬ ಅಕ್ಷರವೂ, ಹಿರಿದು ಎಂಬರ್ಥದ ‘ಬುಜುರ್ಗ್’ ಎಂಬ ಆ ಕಾಲದ ದಫ್ತರದ ಮಾತಿನ ಗುರುತೇ. ರಾಜ್ಯ ಬದಲಾಯಿತು, ಭಾಷೆ ಬದಲಾಯಿತು. ರೈತರ ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳನ್ನು ಓದಬಲ್ಲವರು ಮಾತ್ರ ಕಡಿಮೆಯಾದರು. ಹೊಲದ ಮೇರೆ, ಹಿಸ್ಸೆ, ಹಕ್ಕು, ಎಲ್ಲವೂ ಆ ಕಾಗದಗಳಲ್ಲಿ. ಈ ಗುಮಾಸ್ತರಿಗೆ ಎಳವೆಯಲ್ಲಿ ಹರಿಕಥೆಯ ದಾಸರಾಗಬೇಕೆಂಬ ಆಸೆಯಿತ್ತು, ಕಂಠ ಒಲಿಯಲಿಲ್ಲ. ಹೊಟ್ಟೆಯ ಪಾಡಿಗೆ ಕಚೇರಿ ಸೇರಿದರು. ಅವರೇ ಹೇಳುತ್ತಿದ್ದ ಮಾತು: “ಮೊದಲ ಎರಡು ವರ್ಷ ಆ ದಫ್ತರ ಕಂಡ್ರ ತಲಿಶೂಲಿ ಬರ್ತಿತ್ತು. ಒಂದು ದಿನ ಒಬ್ಬಾಕಿ ಮುದುಕಿ ಕಾಗದ ತಂದಳು. ಓದಿ ಹೇಳಿದೆ. ಹೊಲ ಆಕಿದೇ ಅಂತ ಗೊತ್ತಾತು. ಅವತ್ತಿನಿಂದ ಆ ಅಕ್ಷರ ನನ್ನ ಜೋಡಿ ಮಾತಾಡ್ಲಿಕ್ಕೆ ಹತ್ತಿದ್ವು.” ಮುಂದೆ ನಿವೃತ್ತರಾದ ಮೇಲೂ ದಿನವೂ ಅವರ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕಾಗದ ಹಿಡಿದು ಕುಳಿತಿರುತ್ತಿದ್ದರು. ಎಲ್ಲ ಜಾತಿಯವರೂ, ಎಲ್ಲ ಮತದವರೂ ಬರುತ್ತಿದ್ದರು. ಒಂದು ಕಾಸು ಮುಟ್ಟದೆ ಓದಿ ಹೇಳುತ್ತಿದ್ದರು. ಅವರ ಒಲವು ಕೆಲಸಕ್ಕೆ ಮುಂಚೆ ಇರಲಿಲ್ಲ. ಕೆಲಸವನ್ನು ಚೆನ್ನಾಗಿ ಕಲಿತು, ಆ ಕಲಿಕೆ ಮತ್ತೊಬ್ಬರ ಕಷ್ಟಕ್ಕೆ ಒದಗಿದ ದಿನ ಅದು ಹುಟ್ಟಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಜೀವರು ಪರಸ್ಪರ ಭಿನ್ನರು ಎಂಬುದು ನಮ್ಮ ಸಿದ್ಧಾಂತದ ಮೂಲಭೂತ ತತ್ತ್ವಗಳಲ್ಲಿ ಒಂದು. ಪಂಚಭೇದವನ್ನು ನಾವು ಬಾಲ್ಯದಿಂದ ಬಾಯಿಪಾಠವಾಗಿ ಹೇಳುತ್ತೇವೆ. ಆದರೆ ಅದರ ಲೌಕಿಕ ಫಲವನ್ನು ಯೋಚಿಸುವುದಿಲ್ಲ. ಪ್ರತಿಯೊಬ್ಬ ಜೀವನಿಗೂ ತನ್ನದೇ ಆದ ಸ್ವರೂಪ, ತನ್ನದೇ ಆದ ಯೋಗ್ಯತೆ ಇದೆಯೆಂದಾದರೆ, ಪಕ್ಕದ ಮನೆಯ ಹುಡುಗ ಅಮೆರಿಕೆಯಲ್ಲಿರುವುದು ನಮ್ಮ ಹುಡುಗನ ದಾರಿಗೆ ಪ್ರಮಾಣವಾಗುವುದು ಹೇಗೆ? ಅವನ ಸಂಬಳದ ಅಂಕಿ ಇವನ ಸ್ವಭಾವದ ಅಳತೆಯಾಗುವುದು ಹೇಗೆ? ಹಬ್ಬಹುಣ್ಣಿಮೆಗಳ ಪಂಕ್ತಿಯಲ್ಲಿ ಕುಳಿತು ಇಬ್ಬರು ಮಕ್ಕಳನ್ನು ತೂಗಿ ನೋಡುವ ನಮ್ಮ ಮಾತುಗಳು ನಮ್ಮ ಸಿದ್ಧಾಂತಕ್ಕೇ ವಿರುದ್ಧವಾದುವು.

ಆ ಸ್ವರೂಪವನ್ನು ನಾವು ಹುಟ್ಟಿದೊಡನೆ ಅರಿಯುವುದಿಲ್ಲ ಎಂಬುದೂ ಸಿದ್ಧಾಂತವೇ. ಅದು ಮರೆಯಾಗಿದೆ, ಸಾಧನೆಯಿಂದ ವ್ಯಕ್ತವಾಗಬೇಕು. ಜೀವನ ಗತಿಗೆ ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂದು ಮೂರನ್ನು ನಮ್ಮ ಹಿರಿಯರು ಹೇಳುತ್ತಾರೆ. ಎಲ್ಲವೂ ಶ್ರೀಹರಿಯ ಅಧೀನ. ಇವುಗಳಲ್ಲಿ ಯೋಗ್ಯತೆ ನಮ್ಮ ಕಣ್ಣಿಗೆ ಕಾಣದು. ಅನಾದಿಕರ್ಮ ನಮ್ಮ ನೆನಪಿಗೆ ಬಾರದು. ನಮ್ಮ ಕೈಗೆ ಎಟುಕುವುದು ಪ್ರಯತ್ನ ಒಂದೇ. ಆದುದರಿಂದ ನನ್ನ ಸ್ವಧರ್ಮ ಯಾವುದೆಂದು ಮೊದಲು ತಿಳಿದು ಅನಂತರ ಕೆಲಸಕ್ಕೆ ಇಳಿಯುತ್ತೇನೆ ಎಂಬುದು, ಈಜು ಬಂದ ಮೇಲೆ ನೀರಿಗೆ ಇಳಿಯುತ್ತೇನೆ ಎಂದಂತೆ. ಕೆಲಸದಲ್ಲಿ ಇಳಿದೇ ಸ್ವಭಾವವನ್ನು ಅರಿಯಬೇಕು. ಇದೇ, ತಮ್ಮಾ, ಅಂದು ನಾವು ಹೇಳಬೇಕಾಗಿದ್ದ ಮಾತು.

ಹೀಗೆ ಇಳಿದವನು ಕೆಲವು ಲಕ್ಷಣಗಳನ್ನು ಗಮನಿಸಬೇಕು. ಎಲ್ಲ ಕೆಲಸದಲ್ಲಿಯೂ ಬೇಸರದ ಭಾಗ ಉಂಟು. ಶಿಕ್ಷಕನಿಗೆ ಉತ್ತರಪತ್ರಿಕೆ, ವೈದ್ಯನಿಗೆ ರಾತ್ರಿಯ ಪಾಳಿ, ಒಕ್ಕಲಿಗನಿಗೆ ಕಳೆ, ಗಣಕಯಂತ್ರದವನಿಗೆ ಇನ್ನೊಬ್ಬನ ತಪ್ಪನ್ನು ಹುಡುಕುವ ಕೆಲಸ. ಯಾವ ಕೆಲಸದ ಬೇಸರವನ್ನು ಗೊಣಗದೆ ಸಹಿಸಲು ಮನಸ್ಸು ಒಪ್ಪುತ್ತದೆಯೋ ಅಲ್ಲಿ ಸ್ವಭಾವದ ಒಂದು ಎಳೆ ಇದೆ. ಎರಡನೆಯದಾಗಿ, ಜನ ಯಾವ ಕಷ್ಟವನ್ನು ಹೊತ್ತು ತಾವಾಗಿ ನಮ್ಮ ಬಳಿಗೆ ಬರುತ್ತಾರೆ ಎಂಬುದನ್ನು ನೋಡಬೇಕು. ನಮ್ಮ ಶಕ್ತಿಯನ್ನು ಎಷ್ಟೋ ಸಲ ನಮಗಿಂತ ಮೊದಲು ನೆರೆಯವರು ಅರಿತಿರುತ್ತಾರೆ. ಮೊಬೈಲು ಕೆಟ್ಟವರು ಒಬ್ಬನ ಬಳಿಗೂ ಮನಸ್ಸು ಕೆಟ್ಟವರು ಮತ್ತೊಬ್ಬನ ಬಳಿಗೂ ಹೋಗುವುದು ಸುಮ್ಮನೆ ಅಲ್ಲ. ಮೂರನೆಯದಾಗಿ, ಸಂಜೆ ಮನೆಗೆ ಬಂದು ಆ ದಿನದ ಕೆಲಸವನ್ನು ತಾಯಿಯೆದುರು ಮುಚ್ಚುಮರೆಯಿಲ್ಲದೆ ಹೇಳಬಹುದೇ ಎಂದು ಕೇಳಿಕೊಳ್ಳಬೇಕು. ಹೇಳಲು ಬಾಯಿ ಹಿಂಜರಿಯುವ ಕೆಲಸದಲ್ಲಿ ಎಷ್ಟೇ ಒಲವಿದ್ದರೂ, ಎಷ್ಟೇ ಸಂಬಳವಿದ್ದರೂ, ಅದು ಧರ್ಮದ ಕೆಲಸವಲ್ಲ. ಈ ಮೂರನ್ನು ಒಂದೆರಡು ವಾರದಲ್ಲಿ ಪರೀಕ್ಷಿಸಲಾಗದು. ಎರಡು ಮೂರು ವರ್ಷ ಒಂದು ಕೆಲಸವನ್ನು ನಿಷ್ಠೆಯಿಂದ ಮಾಡಿ, ಅನಂತರವೂ ಒಳಗಿನಿಂದ ಒಪ್ಪಿಗೆ ಬಾರದಿದ್ದರೆ ಬದಲಿಸುವುದರಲ್ಲಿ ದೋಷವಿಲ್ಲ. ಆರು ತಿಂಗಳಿಗೊಮ್ಮೆ ಬಿಡುವುದು ಚಾಪಲ್ಯ. ಮೂವತ್ತು ವರ್ಷ ಶಪಿಸುತ್ತ ಅಲ್ಲಿಯೇ ಇರುವುದು ಹೇಡಿತನ.

ಇನ್ನು ಕೆಲಸದ ಉದ್ದೇಶವೇನು, ಯಾರಿಗಾಗಿ ಎಂಬ ವಿಚಾರ. ನಮ್ಮ ಶಾಸ್ತ್ರಗಳು ಇದನ್ನು ಋಣ ಎಂಬ ಶಬ್ದದಿಂದ ಆರಂಭಿಸುತ್ತವೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಮನುಷ್ಯ ಹುಟ್ಟುತ್ತಾನೆ. ಆಯ್ಕೆ ನನ್ನದು ಎಂದು ಹೇಳುವ ಮೊದಲು, ಆ ಆಯ್ಕೆ ನನಗೆ ಯಾರಿಂದ ಬಂದಿತು ಎಂದು ಕೇಳಬೇಕು.

ಗೋರ್ಟಾದ ಹುಡುಗನಿಗೆ ಇದರ ಉತ್ತರ ಅವನ ಊರಿನ ನೆಲದಲ್ಲಿಯೇ ಇದೆ. ಹೈದರಾಬಾದ್ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆ ಉರ್ದು. ಕನ್ನಡದ ಹಳ್ಳಿಗಳ ಮಕ್ಕಳಿಗೆ ಉಚ್ಚಶಿಕ್ಷಣವೆಂಬುದು ಬೆಟ್ಟದ ಮೇಲಿನ ಮರ. 1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದ ಮೇಲೆ ಬಿದ್ದು ಅಸಂಖ್ಯ ಜನರ ಕೊಲೆ ಮಾಡಿದರು. ಆ ವರ್ಷದ ಸೆಪ್ಟೆಂಬರ್ 17ರಂದು ಸಂಸ್ಥಾನದ ಸೇನೆ ಶರಣಾಗಿ ಈ ಸೀಮೆಗೆ ಸ್ವಾತಂತ್ರ್ಯದ ಬೆಳಕು ಬಂದಿತು. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಅಂದು ಮಡಿದವರಲ್ಲಿ ಇಪ್ಪತ್ತು ಇಪ್ಪತ್ತೆರಡರ ತರುಣರೂ ಇದ್ದಿರಬೇಕಲ್ಲವೇ? “ಮುಂದೇನು?” ಎಂದು ಅವರನ್ನು ಯಾರೂ ಕೇಳಲಿಲ್ಲ. ಪುಣೆಯೋ ಊರೋ, ಕಂಪನಿಯೋ ಸರ್ಕಾರವೋ ಎಂಬ ಗೊಂದಲವೇ ಒಂದು ಭಾಗ್ಯ. ಆ ಭಾಗ್ಯದ ಬೆಲೆಯನ್ನು ಬೇರೆಯವರು ತೆತ್ತಿದ್ದಾರೆ. ಇದನ್ನು ಯಾರ ಮೇಲೂ ದ್ವೇಷ ಬೆಳೆಸಲೆಂದು ನಾವು ಹೇಳುತ್ತಿಲ್ಲ. ಋಣದ ನೆನಪಿಗಾಗಿ ಹೇಳುತ್ತಿದ್ದೇವೆ.

ಋಣ ತೀರಿಸಬೇಕೆಂದರೆ ಎಲ್ಲರೂ ಹಳ್ಳಿಗೆ ಮರಳಬೇಕೆಂದಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಬಾಗಿಲಲ್ಲೇ ಹಾದುಹೋಗುತ್ತದೆ. ಬೀದರ–ಕಲಬುರಗಿ ರೈಲುಮಾರ್ಗವೂ 2017ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಹೋಗುವ ದಾರಿಯೇ ಬರುವ ದಾರಿಯೂ ಹೌದು. ಪುಣೆಯಲ್ಲಿ ದುಡಿದು ತಂದೆಯ ಸಾಲವನ್ನು ತೀರಿಸುವುದು ಪಿತೃಋಣದ ಮೊದಲ ಕಂತು. ಸಾಲ ತೀರುವವರೆಗಿನ ಆ ಎರಡು ಮೂರು ವರ್ಷಗಳನ್ನು ತನ್ನ ಒಲವಿಗೆ ಬಗೆದ ದ್ರೋಹವೆಂದು ತರುಣರು ಭಾವಿಸಬಾರದು. ತಂಗಿಯ ಓದಿಗೆ ನೆರವಾಗುವುದು, ಊರಿಗೆ ಬಂದಾಗ ತಾನು ಕಲಿತ ಶಾಲೆಯ ಮಕ್ಕಳಿಗೆ ಒಂದು ಗಂಟೆ ಗಣಿತ ಹೇಳಿಕೊಡುವುದು, ಇವು ಋಷಿಋಣದ ಕಂತುಗಳು. ಉದ್ದೇಶವೆಂಬುದು ಇಂತಹ ಸಣ್ಣ ಕಂತುಗಳಲ್ಲಿಯೇ ಮನುಷ್ಯನಿಗೆ ದೊರೆಯುತ್ತದೆ. ಸರ್ಕಾರಿ ಪರೀಕ್ಷೆಗೆ ಓದುವವರಿಗೂ ಇದೇ ಮಾತು. ಓದಲಿ, ಆದರೆ ಒಂದು ಅವಧಿಯನ್ನು ಗೊತ್ತುಮಾಡಿಕೊಂಡು, ಆ ಅವಧಿಯಲ್ಲಿಯೂ ಕೈಗೊಂದು ಕೆಲಸವಿಟ್ಟುಕೊಂಡು ಓದಲಿ. ಕಾಯುವುದನ್ನೇ ವೃತ್ತಿ ಮಾಡಿಕೊಂಡು ಮೂವತ್ತು ದಾಟಿದ ಮಕ್ಕಳನ್ನು ನಾವು ಕಂಡಿದ್ದೇವೆ; ಅವರ ತಾಯಂದಿರ ಮುಖವನ್ನೂ ಕಂಡಿದ್ದೇವೆ.

ಎಷ್ಟು ಗಳಿಸಿದರೆ ಸಾಕು ಎಂಬುದೂ ಉದ್ದೇಶದ ಪ್ರಶ್ನೆಯೇ. ಇದಕ್ಕೆ ಗೋರ್ಟಾಕ್ಕೆ ನೆರೆಯಾದ ಕಲ್ಯಾಣದಲ್ಲಿಯೇ ಒಂದು ಪಾಠವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಈ ಹೆಚ್ಚಿನ ಆಸೆ ನಮಗೇಕೆ ಎಂದು ಹೆಂಡತಿ ಅದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದಳಂತೆ. ಅವರ ಸಿದ್ಧಾಂತ ಬೇರೆ, ನಮ್ಮದು ಬೇರೆ. ಆದರೆ ಈ ಗೃಹಿಣಿಯ ಮಾತು ಎಲ್ಲ ಮನೆಗೂ ಸಲ್ಲುತ್ತದೆ. ಅದೇ ಕಲ್ಯಾಣದಲ್ಲಿ, ಅದಕ್ಕೂ ಹಿಂದೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ದಾಯಭಾಗ, ವ್ಯವಹಾರಗಳ ಒಣ ವಿಚಾರಗಳನ್ನು ಬಿಡಿಸಿ ಹೇಳಿದ ಗ್ರಂಥ ಅದು. ಒಂಬತ್ತು ಶತಮಾನ ಕಳೆದರೂ, ಕೂಡುಕುಟುಂಬದ ಆಸ್ತಿಯ ಪ್ರಶ್ನೆ ಬಂದಾಗ ನಮ್ಮ ನ್ಯಾಯಾಲಯಗಳಲ್ಲಿ ಅದರ ಹೆಸರು ಕೇಳಿಬರುತ್ತದೆ. ಒಣ ಕೆಲಸವೆಂದು ಯಾವುದನ್ನೂ ಕೀಳಾಗಿ ಕಾಣಬಾರದು.

ಕೊನೆಯಲ್ಲಿ ಹೆತ್ತವರಿಗೆ ಒಂದು ಮಾತು. ಇದನ್ನು ಹೇಳಲು ನಮಗೆ ಅಧಿಕಾರ ಬಂದಿರುವುದು ನಮ್ಮ ತಪ್ಪಿನಿಂದ. ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಸಸ್ಯಶಾಸ್ತ್ರದಲ್ಲಿ ಒಲವಿತ್ತು. ಹಿತ್ತಲಿನ ಪ್ರತಿಯೊಂದು ಗಿಡದ ಹೆಸರೂ ಅವಳಿಗೆ ಗೊತ್ತು. ತುಳಸಿಯ ಬೇರೆ ಬೇರೆ ಜಾತಿಗಳನ್ನು ಎಲೆ ಮುಟ್ಟಿ ಹೇಳುತ್ತಿದ್ದಳು. ನಾವು, ನೌಕರಿ ಸಿಗುವುದು ಕಷ್ಟ ಎಂದು ಹೇಳಿ, ಲೆಕ್ಕಪತ್ರದ ಓದಿಗೆ ಹಚ್ಚಿದೆವು. ಒಳ್ಳೆಯ ನೌಕರಿ, ಒಳ್ಳೆಯ ಸಂಸಾರ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಹಬ್ಬಕ್ಕೆ ಬಂದಾಗ ತನ್ನ ಕೆಲಸದ ವಿಷಯವನ್ನು ಆಕೆ ಒಮ್ಮೆಯೂ ತೆಗೆಯುವುದಿಲ್ಲ. ಹಿತ್ತಲಿನಲ್ಲಿ ಮಾತ್ರ ಬಹಳ ಹೊತ್ತು ನಿಲ್ಲುತ್ತಾಳೆ. ಅವಳು ನಮ್ಮನ್ನು ದೂರಿಲ್ಲ. ದೂರಿದ್ದರೆ ನಮ್ಮ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲ.

ಅರ್ಜುನನಿಗೂ ಒಂದು ಗಳಿಗೆ ತನ್ನ ಕೆಲಸ ಬೇಡವೆನಿಸಿತ್ತು. ಯುದ್ಧಕ್ಕಿಂತ ಭಿಕ್ಷೆ ಎತ್ತುವುದೇ ಲೇಸೆಂದು ಅವನು ಬಿಲ್ಲು ಕೆಳಗಿಟ್ಟು ಕುಳಿತ. ಭಗವಂತನು ಹದಿನೆಂಟು ಅಧ್ಯಾಯಗಳಲ್ಲಿ ಅವನಿಗೆ ತಿಳಿಯಹೇಳಿದ. ನಿನ್ನ ಸ್ವಭಾವವೇ ನಿನ್ನನ್ನು ಕೆಲಸಕ್ಕೆ ಎಳೆಯುತ್ತದೆ ಎಂದೂ ಹೇಳಿದ. ಇಷ್ಟೆಲ್ಲ ಹೇಳಿದ ಸರ್ವಜ್ಞನಾದ ಸ್ವಾಮಿ ಕೊನೆಗೆ ಏನು ಮಾಡಿದ? ಇದನ್ನೆಲ್ಲ ಪೂರ್ಣವಾಗಿ ವಿಮರ್ಶಿಸಿ, ಅನಂತರ ನಿನ್ನ ಇಚ್ಛೆಯಂತೆ ಮಾಡು ಎಂದು ನಿರ್ಣಯವನ್ನು ಅರ್ಜುನನ ಕೈಗೇ ಬಿಟ್ಟ. ಜಗತ್ತಿನ ಒಡೆಯನೇ ಬಲಾತ್ಕಾರ ಮಾಡದ ಕಡೆ, ಮಕ್ಕಳ ಸ್ವರೂಪವನ್ನು ಅರಿಯದ ನಾವು ಹಟ ಹಿಡಿಯುವುದು ಯಾವ ನ್ಯಾಯ? ಹಿರಿಯರಾದವರು ತಿಳಿದುದನ್ನು ಹೇಳಬೇಕು, ಮನೆಯ ಸಾಲಸೋಲಗಳನ್ನು ಮುಚ್ಚಿಡದೆ ಮುಂದಿಡಬೇಕು, ಕಂಡ ಅಪಾಯವನ್ನು ತೋರಿಸಬೇಕು. ಆಮೇಲೆ ಮಗನ ಅಥವಾ ಮಗಳ ಮಾತಿಗೆ ಅವಕಾಶ ಕೊಡಬೇಕು. ಮಕ್ಕಳೂ ‘ಇಚ್ಛೆಯಂತೆ’ ಎಂಬ ಮಾತನ್ನಷ್ಟೇ ಹಿಡಿದು ‘ಪೂರ್ಣವಾಗಿ ವಿಮರ್ಶಿಸಿ’ ಎಂಬುದನ್ನು ಬಿಡಬಾರದು.

ನಾವು ಸಣ್ಣ ಪೂಜೆಯನ್ನೂ ಕೃಷ್ಣಾರ್ಪಣವೆಂದು ಹೇಳಿಯೇ ಮುಗಿಸುತ್ತೇವೆ. ಅರ್ಪಿಸುವ ವಸ್ತು ಮೊದಲು ನಮ್ಮ ಕೈಯಲ್ಲಿರಬೇಕು. ಅದು ಕೊಳೆಯದೆ, ಮುಕ್ಕಾಗದೆ ಇರಬೇಕು. ದಿನದ ಎಂಟು ಹತ್ತು ಗಂಟೆ ಮಾಡುವ ಕೆಲಸವನ್ನು ಈ ಅರ್ಪಣೆಯಿಂದ ಹೊರಗಿಟ್ಟರೆ ಉಳಿಯುವುದು ಎಷ್ಟು? ಗೋರ್ಟಾದ ತಮ್ಮಾ, ನಿನ್ನಲ್ಲಿ ಒಲವಿಲ್ಲವೆಂದು ನಾಚಬೇಡ. ಕೈಗೆ ಬಂದ ಸತ್ಕಾರ್ಯವನ್ನು ಹಿಡಿ, ಅದನ್ನು ಚೆನ್ನಾಗಿ ಕಲಿ, ಯಾರ ಋಣದಿಂದ ಇಲ್ಲಿಗೆ ಬಂದೆಯೆಂಬುದನ್ನು ಮರೆಯಬೇಡ, ಸಂಜೆಗೊಮ್ಮೆ ಅದನ್ನು ಸ್ವಾಮಿಗೆ ಅರ್ಪಿಸು. ಒಲವು ಬರುವುದಾದರೆ ಆ ದಾರಿಯಿಂದಲೇ ಬರುತ್ತದೆ. ಬರುವುದು ತಡವಾದರೂ ನಿನ್ನ ದಿನಗಳು ಬರಿದಾಗುವುದಿಲ್ಲ. ಈ ವರ್ಷದ ಆರಾಧನೆಗೆ ತಂದೆಯವರೊಡನೆ ತಪ್ಪದೆ ಬಾ. “ಮುಂದೇನು?” ಎಂದು ನಾವು ಈ ಸಲ ಕೇಳುವುದಿಲ್ಲ, ಈಗ ಏನು ಕಲಿಯುತ್ತಿದ್ದೀ ಎಂದು ಕೇಳುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.